ಪರದೆಯವನ ಪರದಾಟ

ಮೊದಲೇ ಹೇಳಿಬಿಡುತ್ತೇನೆ, ನಮ್ಮ ಮನೆಯಲ್ಲಿ ನನ್ನ ಸುದ್ದಿಗೆ ಕವಡೆ ಕಿಮ್ಮತ್ತಿಲ್ಲ. ಪತ್ರಿಕೆಯಲ್ಲಿ ಬಂದದ್ದನ್ನು ಓದಿ ಹೇಳಿದರೂ "ಎಲ್ಲಿ, ತೋರಿಸಿ" ಎನ್ನುವ ಹೆಂಡತಿ. ತೋರಿಸಿದ ಮೇಲೂ "ಯಾವ ವರ್ಷದ ಪೇಪರು ನೋಡೇ" ಎಂದು ಮಗಳನ್ನು ಎಚ್ಚರಿಸುವ ಅತ್ತೆ. ಇಂಥವರ ನಡುವೆ ಜ್ಞಾನಪ್ರಸಾರ ಮಾಡಿಕೊಂಡು ಬದುಕುವ ಕಷ್ಟ ನನ್ನ ಶತ್ರುವಿಗೂ ಬೇಡ ಎಂದುಕೊಂಡಿದ್ದೆ. ಈಗ ಬೆಳಗ್ಗೆ ಎದ್ದೊಡನೆ ಆ ಇಬ್ಬರಿಗೂ ಮನಸ್ಸಿನಲ್ಲೇ ಕೈಮುಗಿಯುತ್ತೇನೆ. (ಬಾಯಿಬಿಟ್ಟು ಹೇಳಿಲ್ಲ. ಹೇಳಿದರೆ "ಯಾಕೆ, ಮತ್ತೇನು ಮಾಡ್ಕೊಂಡು ಬಂದ್ರಿ" ಎಂದು ವಿಚಾರಣೆ ಶುರುವಾಗುತ್ತದೆ.) ಯಾಕೆ ಹೀಗಾಯಿತು ಎಂಬುದನ್ನು ನಿಮಗೆ ಮಾತ್ರ ಹೇಳುತ್ತೇನೆ. ದಯವಿಟ್ಟು ಮುಂದಕ್ಕೆ ಕಳಿಸಬೇಡಿ.

ನನ್ನ ಕಸುಬು ಪರದೆ. ಮನೆಮನೆಗೆ ಹೋಗಿ ಕಿಟಕಿ ಬಾಗಿಲುಗಳ ಅಳತೆ ತರುವವನು ನಾನು. ಬಟ್ಟೆ ಕತ್ತರಿಸಿ ಹೊಲಿಯುವವಳು ನನ್ನಾಕೆ. ಹೊಲಿದದ್ದಕ್ಕೆ ಕೊಕ್ಕೆ ಪೋಣಿಸುತ್ತ, ನಡುನಡುವೆ ನನ್ನ ಮಾತಿಗೂ ಕೊಕ್ಕೆ ಹಾಕುವವರು ಅತ್ತೆ. ಬೀದಿಗೆ ತೆರೆದ ಮುಂದಿನ ಕೋಣೆ ಅಂಗಡಿ, ಹಿಂದಿನ ಎರಡು ಕೋಣೆ ಸಂಸಾರ, ನಡುವೆ ಒಂದು ಬಾಗಿಲು. ಪರದೆಯಂಗಡಿಯವರ ಮನೆಯಾದ್ದರಿಂದ ಆ ಬಾಗಿಲಿಗೆ ಪರದೆಯಿಲ್ಲ.

ನನ್ನ ಚಟವೂ ಪರದೆಯೇ. ಆದರೆ ಇದು ಅಂಗೈಯಗಲದ್ದು, ಮುಟ್ಟಿದರೆ ಬೆಳಗುವಂಥದ್ದು. ಅದರ ಮೇಲೆ ಬಂದು ಬೀಳುವ ಸುದ್ದಿಯನ್ನು ನನ್ನಲ್ಲೇ ಇಟ್ಟುಕೊಳ್ಳುವುದು ನನ್ನಿಂದ ಆಗುತ್ತಿರಲಿಲ್ಲ. ನೆಂಟರ ಗುಂಪು, ಓಣಿಯ ಗುಂಪು, ಹಳೆಯ ಸಹಪಾಠಿಗಳ ಗುಂಪು, ಗಿರಾಕಿಗಳ ಗುಂಪು, ಹೀಗೆ ಇದ್ದಬದ್ದ ಗುಂಪಿಗೆಲ್ಲ ದಾಟಿಸಿದ ಮೇಲೆಯೇ ನನಗೆ ಚಹಾ ಗಂಟಲಲ್ಲಿ ಇಳಿಯುತ್ತಿದ್ದದ್ದು. ನನ್ನಾಕೆಯ ತಮ್ಮ ತಂಗಿಯರು ನನಗೆ 'ಫಾರ್ವರ್ಡ್ ಭಾವ' ಎಂದು ಹೆಸರಿಟ್ಟಿದ್ದಾರೆ. ಮುಂದುವರಿದ ವಿಚಾರದವನು ಎಂಬ ಅರ್ಥದಲ್ಲಿ ನಾನದನ್ನು ಬಹಳ ಕಾಲ ಹೆಮ್ಮೆಯಿಂದ ಸ್ವೀಕರಿಸಿದ್ದೆ.

ಒಮ್ಮೆ ಆಕಾಶದಿಂದ ಯಾವುದೋ ಕಿರಣ ಹಾದುಹೋಗುತ್ತದೆ, ಲೋಹದ ಪಾತ್ರೆಗಳನ್ನು ಒದ್ದೆ ಬಟ್ಟೆಯಿಂದ ಮುಚ್ಚದಿದ್ದರೆ ಅವು ವಿಷವಾಗುತ್ತವೆ ಎಂಬ ಸುದ್ದಿ ಬಂತು. ಹೆಂಡತಿ, ಅತ್ತೆ ಇಬ್ಬರೂ ಹೊರಗೆ ಹೋಗಿದ್ದರು. ಕುಟುಂಬರಕ್ಷಣೆಯ ಸಮಸ್ತ ಭಾರ ನನ್ನೊಬ್ಬನ ಮೇಲೆ. ಕೈಗೆ ಸಿಕ್ಕ ಬಟ್ಟೆಯನ್ನೆಲ್ಲ ನೆನೆಸಿ ಪಾತ್ರೆಗಳಿಗೆ ಹೊದಿಸಿದೆ. ಕೈಗೆ ಸಿಕ್ಕಿದ್ದು ಮಾರನೆಯ ದಿನ ಗಿರಾಕಿಗೆ ಕೊಡಬೇಕಿದ್ದ ಹೊಸ ಪರದೆಗಳು. ಕೆಂಪು ಬಣ್ಣ ಬಿಟ್ಟಿತು. ಸಂಜೆ ಬಂದ ನನ್ನಾಕೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದಳು. ಅವಳಿಗೆ ಕೂಗಾಡಿ ಅಭ್ಯಾಸವಿಲ್ಲ.

"ಯಾರು ಹೇಳಿದ್ದು ಇದನ್ನ?"

"ವಿಜ್ಞಾನಿಗಳು."

"ಅವರ ಹೆಸರು?"

"ಹೆಸರು ಹಾಕಿಲ್ಲ ಕಣೇ. ಪಾಪ, ಪ್ರಚಾರ ಬೇಡ ಅನ್ನೋರಿರಬೇಕು."

ಅವಳು ಪರದೆಗಳನ್ನು ಒಂದೊಂದಾಗಿ ಹಿಂಡಿ ಹರವಿದಳು. ಅಂದಿನಿಂದ ನಾನು ತಂದ ಕಿಟಕಿಯ ಅಳತೆಯನ್ನೂ ಅವಳು ಗಿರಾಕಿಗೆ ಫೋನ್ ಮಾಡಿ ಇನ್ನೊಮ್ಮೆ ಕೇಳಿಕೊಂಡೇ ಕತ್ತರಿ ಎತ್ತುವುದು. ನನಗೆ ಅವಮಾನವಾಗುತ್ತಿತ್ತು, ಬಟ್ಟೆ ಉಳಿಯುತ್ತಿತ್ತು.

ಇಷ್ಟೆಲ್ಲ ನಂಬುವ ನಾನು ನಂಬದೆ ಬಿಟ್ಟ ಸುದ್ದಿ ಜೀವಮಾನದಲ್ಲಿ ಒಂದೇ ಒಂದು. ನನ್ನ ನೆತ್ತಿ ಹಿಂದಿನಿಂದ ಬೋಳಾಗುತ್ತಿದೆ ಎಂದು ನನ್ನಾಕೆ ಹೇಳುತ್ತಿದ್ದಳು. ಕನ್ನಡಿಯಲ್ಲಿ ಎದುರಿನಿಂದ ನೋಡಿಕೊಂಡರೆ ಕೂದಲು ಇದ್ದಂತೆಯೇ ಇತ್ತು. ಇದು ತಲೆಬುಡವಿಲ್ಲದ ವದಂತಿ ಎಂದು (ತಲೆಯ ಮಟ್ಟಿಗಾದರೂ) ಕಡೆಗಣಿಸಿದ್ದೆ.

ಆ ದಿನ ಒಬ್ಬ ನಿವೃತ್ತ ನರ್ಸಮ್ಮನ ಮನೆಗೆ ಅಳತೆಗೆ ಹೋಗಬೇಕಿತ್ತು. ದೊಡ್ಡ ವಸತಿ ಸಮುಚ್ಚಯ, ಎದುರುಬದುರು ಎರಡು ಬ್ಲಾಕುಗಳು, ಆಕೆಯದು ಎರಡನೆಯ ಮಹಡಿ. ಅಲ್ಲಿ ಎಲ್ಲರೂ ಆಕೆಯನ್ನು ಸಿಸ್ಟರಮ್ಮ ಎನ್ನುತ್ತಾರೆ. ನಾನು ಹಸಿರು ಪಟ್ಟೆಯ ಅಂಗಿ ತೊಟ್ಟು ಹೊರಟೆ. ಪರದೆ ಹೊಲಿದು ಉಳಿದ ತುಂಡಿನಲ್ಲಿ ನನ್ನಾಕೆ ಹೊಲಿದುಕೊಟ್ಟದ್ದು. ಲೋಕದಲ್ಲಿ ಇನ್ನೊಬ್ಬರ ಬಳಿ ಇಲ್ಲದ ಅಂಗಿ ಎಂದು ನನಗೆ ಅದರ ಮೇಲೆ ಮೋಹ.

ಬಸ್ಸಿನಲ್ಲಿ ಕೂತ ಸ್ವಲ್ಪ ಹೊತ್ತಿಗೆ ಫೋನು ಗುಂಯ್ ಎಂದಿತು. ಕನ್ನಡಕ ಚೀಲದ ತಳದಲ್ಲೆಲ್ಲೋ ಇತ್ತು. ಅಕ್ಷರ ದಪ್ಪದಪ್ಪಗಿದ್ದುದರಿಂದ ಹಾಗೆಯೇ ಓದಿದೆ. "ಎಚ್ಚರ. ಈ ವ್ಯಕ್ತಿ ಹಗಲು ಕಿಟಕಿಗಳ ಅಳತೆ ತೆಗೆಯುತ್ತಾನೆ. ರಾತ್ರಿ ಇವನ ತಂಡ ಬಂದು ಸರಳು ಕತ್ತರಿಸುತ್ತದೆ. ಈಗಾಗಲೇ ಹಲವು ಮನೆಗಳು ಬರಿದಾಗಿವೆ. ಕೂಡಲೇ ಎಲ್ಲರಿಗೂ ಕಳಿಸಿ." ಕೆಳಗೊಂದು ಫೋಟೋ. ಯಾರೋ ಮೇಲಿನಿಂದ ತೆಗೆದದ್ದು. ಒಬ್ಬ ಮನುಷ್ಯ ಬೀದಿಗೆ ಬೆನ್ನು ಹಾಕಿ, ಸ್ಟೂಲು ಹತ್ತಿ, ಒಂದು ಕಿಟಕಿಯ ಸರಳಿನ ಬಳಿ ಕೈ ಎತ್ತಿ ನಿಂತಿದ್ದ. ಬಸ್ಸು ಕುಲುಕುತ್ತಿತ್ತು. ನನಗೆ ಕಂಡದ್ದು ಒಂದು ಬೆನ್ನು, ಅದರ ಮೇಲೊಂದು ಬೋಳು ನೆತ್ತಿ.

ನನ್ನ ರಕ್ತ ಕುದಿಯಿತು. ಬೇರೆ ಯಾವ ಕಳ್ಳನಾಗಿದ್ದರೂ ಬಂದ ಹಾಗೆಯೇ ದಾಟಿಸಿ ಸುಮ್ಮನಾಗುತ್ತಿದ್ದೆ. ಇವನು ಅಳತೆಯವರ ವೇಷ ಹಾಕಿ ನಮ್ಮ ಇಡೀ ಕಸುಬಿಗೆ ಮಸಿ ಬಳಿಯುತ್ತಿದ್ದಾನೆ. ತಜ್ಞನಾದ ನಾನು ಬಾಯಿ ಮುಚ್ಚಿಕೊಂಡಿರುವುದು ಹೇಗೆ? ಸಂದೇಶದ ಕೊನೆಗೆ ನನ್ನದೂ ಒಂದೆರಡು ಸಾಲು ಸೇರಿಸಿದೆ. "ನಾನು ಬಹಳ ವರ್ಷಗಳಿಂದ ಪರದೆ ಕೆಲಸದಲ್ಲಿರುವವನು. ಇವನು ಖಂಡಿತ ಪರದೆಯವನಲ್ಲ. ನಮ್ಮವರು ಯಾರೂ ಹೀಗೆ ನಿಲ್ಲುವುದಿಲ್ಲ, ಟೇಪು ಹೀಗೆ ಹಿಡಿಯುವುದಿಲ್ಲ. ನಿಂತ ಭಂಗಿಯಲ್ಲೇ ಕಳ್ಳಕಳೆ ಎದ್ದು ಕಾಣುತ್ತಿದೆ." ಬರೆದು, ಇನ್ನೊಮ್ಮೆ ಓದಿ, ಶೈಲಿಗೆ ನಾನೇ ತಲೆದೂಗಿ, ಎಲ್ಲ ಗುಂಪುಗಳಿಗೂ ಕಳಿಸಿದೆ.

ಬಸ್ಸು ಮುಂದಿನ ನಿಲ್ದಾಣ ದಾಟುವಷ್ಟರಲ್ಲಿ ನನ್ನಾಕೆಯ ಫೋನು ಬಂತು. ನೆಂಟರ ಗುಂಪಿನಲ್ಲಿ ಅವಳೂ ಇದ್ದಾಳೆ. ಯಾರು ನೋಡಿದ್ದು, ಯಾವ ಮನೆ, ಯಾಕೆ ಕಳಿಸಿದಿರಿ ಎಂದು ಪಾಟಿಸವಾಲು ಮಾಡುವುದಕ್ಕೇ ಇರಬೇಕೆಂದು ಕತ್ತರಿಸಿದೆ. ಮತ್ತೆ ಬಂತು. ಮತ್ತೆ ಕತ್ತರಿಸಿದೆ. ಅದರ ಹಿಂದೆಯೇ ಅತ್ತೆಯ ಫೋನು. ತಾಯಿ ಮಗಳು ಸೇರಿ ಒಬ್ಬ ಬಡಪಾಯಿಯನ್ನು ಎರಡು ಕಡೆಯಿಂದ ಮುತ್ತುತ್ತಿದ್ದಾರಲ್ಲ ಎಂದು ಬೇಸರವಾಗಿ ಸದ್ದು ಅಡಗಿಸಿ ಫೋನನ್ನು ಜೇಬಿಗೆ ತುರುಕಿದೆ.

ಸಿಸ್ಟರಮ್ಮನ ಮನೆ ಸಣ್ಣದು, ಬೆಳಕಿನದು. ಒಬ್ಬರೇ ಇರುತ್ತಾರೆ. ಎಲ್ಲ ಕಿಟಕಿಗಳ ಅಳತೆ ತೆಗೆದುಕೊಂಡೆ. ಕೊನೆಯದು ಬಾಲ್ಕನಿಯದು. ಅದಕ್ಕೆ ಹೊರಗೆ ಸ್ಟೂಲು ಹಾಕಿ, ಎದುರು ಬ್ಲಾಕಿಗೆ ಬೆನ್ನು ಮಾಡಿ ನಿಂತು ಅಳೆಯಬೇಕಾಯಿತು. ಕೆಲಸ ಮುಗಿದ ಮೇಲೆ ಆಕೆ ನನಗೊಂದು ಲೋಟ ಚಹಾ ಕೊಟ್ಟು, ತಾವು ಅಡುಗೆಮನೆಯಲ್ಲಿ ಪಾತ್ರೆ ತೊಳೆಯಲು ನಿಂತರು. ನಾನು ನಡುಮನೆಯ ಸೋಫಾದಲ್ಲಿ ಕಾಲ ಮೇಲೆ ಕಾಲು ಹಾಕಿ ಚಹಾ ಹೀರುತ್ತಿದ್ದೆ. ಕರೆಗಂಟೆ ಹೊಡೆದುಕೊಂಡಿತು. ನಲ್ಲಿಯ ಸದ್ದಿನಲ್ಲಿ ಆಕೆಗೆ ಕೇಳಿಸಲಿಲ್ಲ. ನಾನೇ ಎದ್ದು ಬಾಗಿಲು ತೆಗೆದೆ.

ಹೊರಗೆ ನಾಲ್ಕಾರು ಜನ. ಮುಂದೆ ಸಮುಚ್ಚಯದ ಸೆಕ್ರೆಟರಿ, ಅವರ ಪಕ್ಕ ತೋಳುಗಳೇ ಬಾಗಿಲಗಲ ಇದ್ದ ಒಬ್ಬ ಯುವಕ (ಅಲ್ಲಿಯವರು ಅವನನ್ನು ಜಿಮ್ ಮಾಸ್ಟರ್ ಎನ್ನುತ್ತಾರೆಂದು ಆಮೇಲೆ ತಿಳಿಯಿತು), ಹಿಂದೆ ಪೊರಕೆ ಹಿಡಿದ ಒಬ್ಬಾಕೆ. ಚಹಾ ಲೋಟ ಹಿಡಿದು ಬಾಗಿಲು ತೆಗೆದವನನ್ನು ಅವರು ಮನೆಗೆ ಬಂದ ನೆಂಟನೆಂದೇ ತಿಳಿದರು. ಸೆಕ್ರೆಟರಿ ಪಿಸುದನಿಯಲ್ಲಿ, ಗಾಬರಿಯಾಗಬೇಡಿ, ಈ ಮನೆಯ ಬಾಲ್ಕನಿಯಲ್ಲಿ ಕಳ್ಳನನ್ನು ಎದುರು ಬ್ಲಾಕಿನವರು ನೋಡಿದ್ದಾರೆ, ಕಿಟಕಿ ಅಳೆಯುವ ತಂಡದವನು, ಒಳಗೇ ಎಲ್ಲೋ ಅಡಗಿರಬೇಕು ಎಂದರು.

ನನಗೆ ರೋಮಾಂಚನವಾಯಿತು. ಬೆಳಗ್ಗೆ ಕಳಿಸಿದ ಎಚ್ಚರಿಕೆ, ಮಧ್ಯಾಹ್ನಕ್ಕೆ ಫಲ. "ಆ ವಿಷಯ ನನಗೆ ಪೂರ್ತಿ ಗೊತ್ತು, ಬನ್ನಿ ಒಳಗೆ" ಎಂದು ಬಾಗಿಲನ್ನು ವಿಶಾಲವಾಗಿ ತೆರೆದೆ. ಹುಡುಕುವ ಮುಂದಾಳತ್ವ ತಾನಾಗಿಯೇ ನನ್ನ ಹೆಗಲಿಗೆ ಬಂತು. ಬಾಗಿಲ ಹಿಂದೆ ನೋಡಿಸಿದೆ. ಬಚ್ಚಲು ನೋಡಿಸಿದೆ. ಜಿಮ್ ಮಾಸ್ಟರ್‌ಗೆ ಬಾಲ್ಕನಿ ಕಾಯಲು ಹೇಳಿ, ನಾನು ಮಲಗುವ ಕೋಣೆಗೆ ನುಗ್ಗಿ ಮಂಚದ ಕೆಳಗೆ ಇಣುಕಲು ಮೊಣಕಾಲೂರಿ ತಲೆ ತಗ್ಗಿಸಿದೆ. ಮಂಚದ ಕೆಳಗೆ ಒಂದು ಜೊತೆ ಹಳೆಯ ಷೂ ಇತ್ತು. ಅಷ್ಟೆ.

ನನ್ನ ಹಿಂದೆ ಎಲ್ಲರ ಮಾತು ಒಮ್ಮೆಲೇ ನಿಂತಿತು. ಬಾಲ್ಕನಿಯಿಂದ ಬಂದ ಜಿಮ್ ಮಾಸ್ಟರ್‌ನ ದನಿ ಕೇಳಿತು.

"ಸರ್, ಸ್ವಲ್ಪ ಹಾಗೇ ಇರಿ."

ಕಳ್ಳ ಕಣ್ಣಿಗೆ ಬಿದ್ದಿರಬೇಕು, ಸದ್ದು ಮಾಡಬಾರದು ಎಂದುಕೊಂಡು ನಾನು ಉಸಿರು ಬಿಗಿಹಿಡಿದು ಹಾಗೇ ಇದ್ದೆ. ಸುಮಾರು ಹೊತ್ತು ಇದ್ದೆ. ಆಮೇಲೆ ಒಂದು ಕೈ ನನ್ನ ಕತ್ತುಪಟ್ಟಿಗೆ ಬಿದ್ದು, ಬಟ್ಟೆ ಒಣಹಾಕುವವರು ಎತ್ತುವ ಹಾಗೆ ನನ್ನನ್ನು ಎತ್ತಿ ನಿಲ್ಲಿಸಿತು. ಇನ್ನೊಂದು ಕೈ ಫೋನನ್ನು ಮೂಗಿನ ಮುಂದೆ ಹಿಡಿಯಿತು. ಕನ್ನಡಕ ಹಾಕಿಕೊಳ್ಳಲು ಅಪ್ಪಣೆ ಬೇಡಿ, ಹಾಕಿಕೊಂಡು ನೋಡಿದೆ.

ಹಸಿರು ಪಟ್ಟೆಯ ಅಂಗಿ. ಎಲ್ಲ ಪಟ್ಟೆಗಳೂ ಉದ್ದಕ್ಕಿದ್ದರೆ, ಭುಜದ ಕೆಳಗೆ ಅಡ್ಡ ಪಟ್ಟೆಯ ಒಂದು ತೇಪೆ. ಬಟ್ಟೆ ಸಾಲದೆ ನನ್ನಾಕೆ ಹಿಂದೆ ತುಂಡು ಕೂಡಿಸಿದ್ದು ನನಗೆ ಅಂದಿನವರೆಗೂ ಗೊತ್ತಿರಲಿಲ್ಲ. ಅವಳೂ ಹೇಳಿರಲಿಲ್ಲ. ಕಿಟಕಿಯನ್ನೂ ಈಗ ಗುರುತು ಹಿಡಿದೆ. ಹಿಂದಿನ ವಾರ ದಂತವೈದ್ಯರ ಮನೆಯ ವರಾಂಡದಲ್ಲಿ ಬಿಸಿಲುಪರದೆಗೆ ಅಳತೆ ತೆಗೆದಿದ್ದೆ. ಇಷ್ಟಾದರೂ, ಸುಳ್ಳು ಯಾಕೆ ಹೇಳಲಿ, ನನಗೆ ಮೊದಲು ಆಘಾತವಾದದ್ದು ಕಳ್ಳನೆಂಬ ಆರೋಪದಿಂದಲ್ಲ. ಆ ನೆತ್ತಿಯಿಂದ. ವದಂತಿ ಎಂದುಕೊಂಡದ್ದು ಅಂಗೈಯಗಲ ನಿಜವಾಗಿ ಹೊಳೆಯುತ್ತಿತ್ತು.

"ಇದು ನಾನೇ," ಎಂದೆ. ತಪ್ಪೊಪ್ಪಿಗೆ ಎಂದು ಅವರು ತಿಳಿದರು. "ಆದರೆ ನಾನು ಪರದೆಯವನು. ಪರದೆಗೆ ಅಳತೆ ತೆಗೀತಿದ್ದೆ."

ಸೆಕ್ರೆಟರಿ ಫೋಟೋದ ಕೆಳಗಿನ ಸಾಲುಗಳನ್ನು ಗಂಭೀರವಾಗಿ ಓದಿ ಹೇಳಿದರು. ಬರೀ ಫೋಟೋ ನೋಡಿ ತಾವು ನಂಬುವ ಜನ ಅಲ್ಲವಂತೆ. ಆದರೆ ಪರದೆ ಕೆಲಸದಲ್ಲೇ ತಲೆ ನೆರೆತ ತಜ್ಞರೊಬ್ಬರು ಪರಿಶೀಲಿಸಿ, ಇವನು ಖಂಡಿತ ಪರದೆಯವನಲ್ಲ, ಟೇಪು ಹಿಡಿಯುವ ರೀತಿಯೇ ಬೇರೆ, ಭಂಗಿಯಲ್ಲೇ ಕಳ್ಳಕಳೆ ಇದೆ ಎಂದು ಬರೆದುಕೊಟ್ಟಿದ್ದಾರಂತೆ. ಅದಾದ ಮೇಲೆ ಇನ್ನೇನು ಅನುಮಾನ?

"ಆ ತಜ್ಞ ನಾನೇ," ಎಂದೆ.

ಪೊರಕೆಯಾಕೆ, ಎಂಥಾ ಘಾಟಿ ಕಳ್ಳ ನೋಡಿ, ಕ್ಷಣಕ್ಕೊಂದು ವೇಷ ಹಾಕ್ತಾನೆ ಎಂದರು. ಯಾರೋ ನನ್ನ ಚೀಲ ಸುರಿದರು. ಟೇಪು, ಪೆನ್ಸಿಲು, ಒಂದು ಸ್ಕ್ರೂಡ್ರೈವರು, ಬಟ್ಟೆಯ ಮಾದರಿ ತುಂಡುಗಳು. ಸ್ಕ್ರೂಡ್ರೈವರ್ ಕೈಯಿಂದ ಕೈಗೆ ದಾಟಿ ಬಾಗಿಲಾಚೆ ಹೋಗುವಷ್ಟರಲ್ಲಿ 'ಆಯುಧ ಸಿಕ್ಕಿತಂತೆ' ಎಂಬ ಮಾತಾಗಿತ್ತು.

ಇಲ್ಲಿಯವರೆಗೆ ನಗುತ್ತ ಹೇಳಿದೆ. ಅಲ್ಲಿ ನನಗೆ ನಗು ಬಂದಿರಲಿಲ್ಲ. ಕೋಣೆಯೊಳಗಿದ್ದವರಿಗಾದರೂ ನನ್ನ ಮುಖ ಕಾಣುತ್ತಿತ್ತು. ಮೆಟ್ಟಿಲ ಮೇಲೆ ಸೇರುತ್ತಿದ್ದವರಿಗೆ ನಾನು ಕಾಣುತ್ತಲೇ ಇರಲಿಲ್ಲ, ನನ್ನ ಅಪರಾಧ ಮಾತ್ರ ಕೇಳುತ್ತಿತ್ತು. ಅಲ್ಲಿಂದ, ಹೊರಗೆ ಎಳೆದು ತನ್ನಿ, ಗೇಟಿಗೆ ಕಟ್ಟಿ ಎಂಬ ಕೂಗು ಬಂತು. ಯಾರೋ ತಳ್ಳಿದರು. ನನ್ನ ಭುಜ ಬೀರುವಿನ ಮೂಲೆಗೆ ಬಡಿಯಿತು. ನಾನು ಈವರೆಗೆ ದಾಟಿಸಿದ ಅದೆಷ್ಟೋ ಫೋಟೋಗಳ ಹಿಂದೆ ಇಂಥದೇ ಒಂದು ಕೋಣೆ, ಇಂಥದೇ ಒಂದು ಬೀರುವಿನ ಮೂಲೆ ಇದ್ದಿರಬಹುದು ಎಂಬುದು ನನಗೆ ಮೊದಲ ಬಾರಿಗೆ ಹೊಳೆದದ್ದು ಆಗ.

ಅಷ್ಟರಲ್ಲಿ ನಲ್ಲಿ ನಿಂತಿತು. ಸಿಸ್ಟರಮ್ಮ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದರು. ಎತ್ತರದ ದನಿಯಲ್ಲ, ಆದರೆ ವಾರ್ಡಿನ ಆ ತುದಿಯಿಂದ ಈ ತುದಿಗೆ ಕೇಳಿಸಿ ಪಳಗಿದ ದನಿ.

"ಇದು ನನ್ನ ಮನೆ. ಕತ್ತುಪಟ್ಟಿ ಬಿಡಪ್ಪ ಮೊದಲು. ಮೆಟ್ಟಿಲ ಮೇಲಿರೋರು ಅಲ್ಲೇ ಕೂತ್ಕೊಳ್ಳಿ. ಕೂಗಬೇಡಿ."

ವಿಚಿತ್ರವೆಂದರೆ ಜನ ನಿಜವಾಗಿಯೂ ಕೂತರು. ಆಕೆ ಅಡುಗೆಮನೆಗೆ ಹೋಗಿ ಒಂದು ಕುರ್ಚಿ ತಂದು ಗೋಡೆಗೆ ಒರಗಿಸಿ ಹಾಕಿ ನನಗೆ ಕೂರಲು ಹೇಳಿದರು. ಬೆನ್ನು ಗೋಡೆಗೆ ತಾಗಿದಾಗ ಆದ ನೆಮ್ಮದಿಯನ್ನು ನಾನು ಮರೆಯುವುದಿಲ್ಲ. ಆಮೇಲೆ ಆಕೆ ಒಬ್ಬೊಬ್ಬರನ್ನೇ, ರೋಗಿಗೆ ಎಲ್ಲಿ ನೋವು ಎಂದು ಕೇಳುವ ಹಾಗೆ ಕೇಳತೊಡಗಿದರು. ಬರಿದಾದ ಮನೆ ಯಾವುದು? ಸೆಕ್ರೆಟರಿಗೆ ಗೊತ್ತಿರಲಿಲ್ಲ, ಎದುರು ಬ್ಲಾಕಿನವರಿಗೆ ಗೊತ್ತಿರಬೇಕು. ಎದುರು ಬ್ಲಾಕಿನವರೂ ಅಲ್ಲೇ ಇದ್ದರು. ಅವರ ಪ್ರಕಾರ ಅದು ಬೇರೆ ಬಡಾವಣೆಯಲ್ಲಿ. ಯಾವ ಬಡಾವಣೆ? ಪೊರಕೆಯಾಕೆಯ ನಾದಿನಿಯ ಕಚೇರಿಯವರೊಬ್ಬರಿಗೆ ಗೊತ್ತಂತೆ. ಫೋನ್ ಮಾಡಿ ಕೇಳಿ ಎಂದರು. ಮಾಡಿದರು. ನಾದಿನಿಯ ಕಚೇರಿಯವರು, ಅದು ನಿಮ್ಮ ಸಮುಚ್ಚಯದಲ್ಲೇ ಅಲ್ಲವಾ ಆದದ್ದು, ನಾವು ಹಾಗೆ ಕೇಳಿದ್ದೆವು ಎಂದರು. ಸುದ್ದಿ ಇಡೀ ಊರು ಸುತ್ತಿ ಆ ಮಂಚದ ಬಳಿಗೇ ಬಂದು ನಿಂತಿತು. ಜಿಮ್ ಮಾಸ್ಟರ್ ನನ್ನ ಟೇಪನ್ನು ಮೆಲ್ಲಗೆ ಸುತ್ತಿ ಚೀಲದೊಳಗೆ ಇಟ್ಟ.

"ಇವರ ಅಂಗಡಿಗೂ ಒಂದು ಮಾತು ಕೇಳೋಣ," ಎಂದು ಸಿಸ್ಟರಮ್ಮ ನಂಬರು ಒತ್ತಿದರು. ಆ ಕಡೆ ಅಂಗಡಿಯ ಮೊಬೈಲು ಎತ್ತಿದವರು ನನ್ನ ಅತ್ತೆ. ಗಾಳಿಯ ಸದ್ದಿನ ನಡುವೆ ಅವರ ದನಿ ಎಲ್ಲರಿಗೂ ಕೇಳಿಸಿತು. "ಗೇಟಲ್ಲೇ ಇದ್ದೀವಿ ಕಣಮ್ಮ. ನಮ್ಮ ಅಳಿಯಂದ್ರ ಬೆನ್ನಿಗೆ ಏನೂ ಆಗಿಲ್ಲ ತಾನೆ?"

ನನ್ನಾಕೆ ಹೊಲಿಗೆ ಅರ್ಧಕ್ಕೆ ಬಿಟ್ಟು, ಅತ್ತೆಯನ್ನು ಹಿಂದೆ ಕೂರಿಸಿಕೊಂಡು ಸ್ಕೂಟರಿನಲ್ಲಿ ಬಂದಿದ್ದಳು. ಕತ್ತಿನಲ್ಲಿ ಟೇಪು, ತಲೆಯಲ್ಲಿ ದಾರದ ಎಳೆ. ಒಳಗೆ ಬಂದವಳು ಮೊದಲು ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದಳು. ಆಮೇಲೆ ಉಳಿದವರ ಕಡೆ ತಿರುಗಿದಳು.

ಅವಳು ನಿಧಾನವಾಗಿ ಹೇಳಿದ್ದರ ಸಾರ ಇಷ್ಟು. ಫೋಟೋ ಬಂದ ತಕ್ಷಣ ತಾನು ಕೂಡಿಸಿದ ತೇಪೆಯನ್ನು ಅವಳು ಗುರುತು ಹಿಡಿದಳು. ನನಗೆ ಫೋನ್ ಮಾಡಿದಳು, ನಾನು ಕತ್ತರಿಸಿದೆ. ಬೇರೆ ದಾರಿ ಕಾಣದೆ, ನಾನು ಈಚೆಗೆ ಅಳತೆ ತೆಗೆದ ವರಾಂಡ ಅದೊಂದೇ ಎಂದು ಗೊತ್ತಿದ್ದರಿಂದ ದಂತವೈದ್ಯರ ಮನೆಗೆ ಫೋನ್ ಮಾಡಿ, ಈ ಫೋಟೋ ಎದುರು ಮನೆಯ ಮಹಡಿಯಿಂದಲೇ ತೆಗೆದದ್ದಿರಬೇಕು, ಅವರನ್ನು ಕೇಳಿಕೊಡಿ ಎಂದಳು. ಎದುರು ಮನೆಯಾಕೆಯೇ ತೆಗೆದದ್ದು. ಪಾಪ, ಅವರಿಗೆ ಈ ಕಳ್ಳನ ಕಥೆಯೇ ಗೊತ್ತಿರಲಿಲ್ಲ. ತಾವು ತಮ್ಮ ಬೀದಿಯ ಗುಂಪಿಗೆ ಹಾಕಿದ್ದ ಮೂಲ ಸಂದೇಶವನ್ನು ನನ್ನಾಕೆಗೆ ಕಳಿಸಿಕೊಟ್ಟರು. ಅವಳು ಅದನ್ನು ಸೆಕ್ರೆಟರಿಯ ಕೈಗೆ ಕೊಟ್ಟು ಓದಲು ಹೇಳಿದಳು.

"ಈ ಪರದೆಯವರು ಯಾರು, ಯಾರಿಗಾದರೂ ಗೊತ್ತೇ? ಕೆಲಸ ಚೆನ್ನಾಗಿ ಮಾಡ್ತಿದ್ದಾರೆ. ನಮಗೂ ಬಿಸಿಲುಪರದೆ ಹಾಕಿಸಬೇಕಿತ್ತು."

ಮೊದಲು ದಾಟಿಸಿದವರು ಬಿಸಿಲುಪರದೆಯನ್ನು ಕಿತ್ತುಹಾಕಿ 'ಇವರು ಯಾರು ಗೊತ್ತೇ' ಎಂಬುದನ್ನಷ್ಟೇ ಉಳಿಸಿಕೊಂಡಿದ್ದರು. ಇನ್ನೊಬ್ಬರ ಕೈಯಲ್ಲಿ 'ಇವರು' ಹೋಗಿ 'ಇವನು' ಆಯಿತು. ಮತ್ತೊಬ್ಬರು ಸರಳು ಕತ್ತರಿಸಿದರು. ಮಗದೊಬ್ಬರು ಮನೆಗಳನ್ನು ಬರಿದು ಮಾಡಿದರು. ಯಾರೂ ದೊಡ್ಡ ದುಷ್ಟರಲ್ಲ, ಎಲ್ಲರೂ ಒಂದೊಂದು ಹೊಲಿಗೆ ಹಾಕಿದವರೇ. ಗಾಳಿಗೆ ಪರದೆ ಅಲ್ಲಾಡಬೇಕು. ಇಲ್ಲಿ ಗಾಳಿಸುದ್ದಿಗೆ ಪರದೆಯವನೇ ಅಲ್ಲಾಡಿಹೋಗಿದ್ದ.

ಸೆಕ್ರೆಟರಿಯ ಮುಖ ಇಳಿದಿತ್ತು. ಆದರೂ ಕೊನೆಯ ಆಸರೆಯೆಂಬಂತೆ, ಹಾಗಿದ್ದರೆ ಆ ತಜ್ಞರು ಯಾಕೆ ಹಾಗೆ ಬರೆದರು ಎಂದು ಕೇಳಿದರು. ಅವರಿಗಾದರೂ ಜವಾಬ್ದಾರಿ ಬೇಡವೇ?

ನನ್ನಾಕೆ ನನ್ನ ಕಡೆ ನೋಡಿದಳು. ನಾನು ಮಂಚದ ಕೆಳಗಿನ ಷೂ ನೋಡಿದೆ. ಅವಳು ನೆಂಟರ ಗುಂಪನ್ನು ತೆರೆದು, ನನ್ನ ಹೆಸರು, ನನ್ನ ನಗುಮುಖ, ಅದರ ಕೆಳಗೆ ನನ್ನ ಬೆನ್ನು, ಅದರ ಕೆಳಗೆ ನನ್ನ ತಜ್ಞಾಭಿಪ್ರಾಯ ಎಲ್ಲವೂ ಕಾಣುವಂತೆ ಫೋನು ಹಿಡಿದಳು.

"ತನ್ನ ಫೋಟೋನ ತಾನೇ ಕಳ್ಳ ಅಂತ ಊರಿಗೆಲ್ಲ ಹಂಚೋ ಕಳ್ಳನ್ನ ನೀವು ಎಲ್ಲಾದ್ರೂ ನೋಡಿದ್ದೀರಾ? ಕಳ್ಳತನಕ್ಕೂ ಸ್ವಲ್ಪ ಬುದ್ಧಿ ಬೇಕಾಗುತ್ತೆ. ನಮ್ಮನೆಯವ್ರಿಗೆ ಅಷ್ಟಿಲ್ಲ."

"ಇಲ್ಲ, ಇಲ್ಲ," ಎಂದು ಅತ್ತೆ ಬಲವಾಗಿ ಸಾಕ್ಷಿ ನುಡಿದರು. ಮೂವತ್ತು ವರ್ಷ ವಕೀಲಿ ಮಾಡಿದವರೂ ನನ್ನನ್ನು ಅಷ್ಟು ಚೊಕ್ಕವಾಗಿ ಬಿಡಿಸುತ್ತಿರಲಿಲ್ಲ. ಮೊದಲು ನಕ್ಕದ್ದು ಜಿಮ್ ಮಾಸ್ಟರ್. ಆಮೇಲೆ ಪೊರಕೆಯಾಕೆ. ನಗು ಮೆಟ್ಟಿಲಿಳಿದು ಗೇಟಿನವರೆಗೂ ಹೋಯಿತು. ಅಷ್ಟು ಜನ ಒಟ್ಟಿಗೆ ನನ್ನನ್ನು ನೋಡಿ ನಕ್ಕದ್ದು ಅದೇ ಮೊದಲು. ಆ ಒಂದೊಂದು ನಗುವಿಗೂ ನಾನು ಕೃತಜ್ಞ, ಯಾಕೆಂದರೆ ಸ್ವಲ್ಪ ಹೊತ್ತಿನ ಹಿಂದೆ ಅದೇ ಬಾಯಿಗಳು ನನ್ನನ್ನು ಗೇಟಿಗೆ ಕಟ್ಟಿಸುತ್ತಿದ್ದವು. ಸೆಕ್ರೆಟರಿ ಕ್ಷಮೆ ಕೇಳಿದರು. ಜಿಮ್ ಮಾಸ್ಟರ್ ನನ್ನ ಕತ್ತುಪಟ್ಟಿಯನ್ನು ತಾನೇ ನೇರ ಮಾಡಿ, ಅಣ್ಣ, ಬೇಜಾರು ಮಾಡ್ಕೋಬೇಡಿ ಎಂದ.

ಮನೆಗೆ ಬಂದ ಮೇಲೆ ನನ್ನಾಕೆ ಭುಜಕ್ಕೆ ಬಿಸಿನೀರಿನ ಶಾಖ ಕೊಟ್ಟಳು. ಅದು ಬರೀ ಒಂದು ಬೆನ್ನು, ಮಸುಕು ಫೋಟೋ, ನಾನೇ ಗುರುತಿಸಲಿಲ್ಲ, ತೇಪೆಯೊಂದರಿಂದಲೇ ನಿನಗೆ ಅಷ್ಟು ಖಾತ್ರಿಯಾಯಿತೇ ಎಂದು ಕೇಳಿದೆ.

"ನಿಮ್ಮ ಬೆನ್ನು ನಂಗೆ ಗೊತ್ತಿಲ್ವಾ? ಏನಾದ್ರೂ ಕೆಲಸ ಹೇಳಿದಾಗೆಲ್ಲ ನಾನು ನೋಡ್ತಾ ಇರೋದು ಅದನ್ನೇ ತಾನೆ."

ಶಾಖದ ಬಟ್ಟೆ ಹಿಡಿದ ಅವಳ ಕೈಯ ಮೇಲೆ ನನ್ನ ಕೈ ಇಟ್ಟೆ. ಅವಳು ಬೇಗನೆ ಕೈ ಎಳೆದುಕೊಳ್ಳಲಿಲ್ಲ. ಪಕ್ಕದ ಕೋಣೆಯಿಂದ ಅತ್ತೆ, ನೀರು ಆರಿಹೋಗಿರಬೇಕು ನೋಡೇ ಎಂದರು. (ನಡುವೆ ಪರದೆಯಿಲ್ಲ ಎಂದೆನಲ್ಲ.)

ಆ ಸಂಜೆ ಅವಳು ಪಕ್ಕದಲ್ಲಿ ಕೂತು ನನ್ನಿಂದ ಒಂದು ತಿದ್ದುಪಡಿ ಬರೆಸಿದಳು. ನಾನು "ಕಾರಣಾಂತರಗಳಿಂದ ಉಂಟಾದ ಗೊಂದಲಕ್ಕೆ" ಎಂದು ಶುರುಮಾಡಿದ್ದೆ. ಅದನ್ನು ಅಳಿಸಲು ಹೇಳಿದಳು. ಫೋಟೋದಲ್ಲಿರುವುದು ನಾನೇ, ಕಳ್ಳತನ ಎಲ್ಲೂ ಆಗಿಲ್ಲ, ವಿಚಾರಿಸದೆ ಕಳಿಸಿದವನೂ ಸೇರಿಸಿ ಬರೆದವನೂ ನಾನೇ, ನೀವು ಯಾರಿಗೆ ಕಳಿಸಿದ್ದೀರೋ ಅವರಿಗೆಲ್ಲ ಇದನ್ನೂ ಕಳಿಸಿ. ಇಷ್ಟೇ. ಕಳ್ಳನ ಸುದ್ದಿ ಒಂದೇ ಬೆಳಗ್ಗೆ ಊರು ತಿರುಗಿತ್ತು. ಈ ಸುದ್ದಿಗೆ ಮಾತ್ರ ಯಾರ ಬೆರಳೂ ಏಳಲಿಲ್ಲ. ಒಬ್ಬ ಹಳೆಯ ಸಹಪಾಠಿ, ಹಾಗಾದರೆ ನಿಜವಾದ ಕಳ್ಳ ಯಾರು ಎಂದು ಕೇಳಿದ. ಕೊನೆಗೆ ನಾವಿಬ್ಬರೂ ಒಬ್ಬೊಬ್ಬರಿಗೇ ಫೋನ್ ಮಾಡಿ, ನೀವು ಯಾರಿಗೆ ಕಳಿಸಿದಿರಿ, ಅವರು ಯಾರಿಗೆ ಕಳಿಸಿದರು ಎಂದು ಎಳೆ ಹಿಡಿದು ಹಿಂದಕ್ಕೆ ಬಿಚ್ಚುತ್ತ ಹೋಗಬೇಕಾಯಿತು. ತಪ್ಪು ಹೊಲಿಗೆ ಬಿಚ್ಚುವ ಕೆಲಸ ಎಷ್ಟು ಬೇಸರದ್ದೆಂದು ಅವಳಿಗೆ ಮೊದಲೇ ಗೊತ್ತಿತ್ತು, ನನಗೆ ಆಗ ಗೊತ್ತಾಯಿತು.

ಸಿಸ್ಟರಮ್ಮನ ಪರದೆಗಳನ್ನು ಅಂಗಡಿಯಲ್ಲಿದ್ದ ಅತ್ಯುತ್ತಮ ಬಟ್ಟೆಯಲ್ಲಿ ಹೊಲಿದೆವು. ಕಾಣಿಕೆ ಎಂದೇ ಕೊಡುವುದೆಂದು ಮೂವರೂ ಒಮ್ಮತದಿಂದ ನಿರ್ಧರಿಸಿದೆವು. (ನಮ್ಮ ಮನೆಯಲ್ಲಿ ಒಮ್ಮತ ಎಂಬುದೂ ಹೊಸ ಸುದ್ದಿಯೇ.) ನನ್ನಾಕೆಯೂ ನಾನೂ ಹೋಗಿ ನೇತುಹಾಕಿದೆವು. ಅವಳು ಏಣಿಯ ಮೇಲೆ, ನಾನು ಕೆಳಗೆ ಏಣಿ ಹಿಡಿದು. ಕೆಲಸ ಮುಗಿಯುತ್ತ ಬಂದಾಗ ನಾನು ಗಂಟಲು ಸರಿಮಾಡಿಕೊಂಡು, ಬಸ್ಸಿನ ದಾರಿಯುದ್ದಕ್ಕೂ ಸಿದ್ಧಪಡಿಸಿಕೊಂಡಿದ್ದ ಭಾಷಣವನ್ನು ಆರಂಭಿಸಿದೆ. ಇಡೀ ಸಮುಚ್ಚಯವೇ ನನ್ನನ್ನು ಕಳ್ಳನೆಂದಾಗ ತಾವೊಬ್ಬರು ನನ್ನನ್ನು ನಂಬಿದಿರಿ, ಮುಖ ನೋಡಿದೊಡನೆ ಪ್ರಾಮಾಣಿಕನೆಂದು ಅರಿತು ಕುರ್ಚಿ ಕೊಟ್ಟಿರಿ, ಮನುಷ್ಯರನ್ನು ಅಳೆಯುವ ತಮ್ಮ ದೃಷ್ಟಿಗೆ ನಾನು ಆಜನ್ಮ ಋಣಿ ಎಂದೆ.

ಸಿಸ್ಟರಮ್ಮ ಪರದೆಯ ಮಡಿಕೆ ಸರಿಪಡಿಸುತ್ತ ಕೇಳಿಸಿಕೊಂಡರು.

"ನಂಬಿದೆ ಅಂತ ನಿಮಗೆ ಯಾರು ಹೇಳಿದ್ರು?" ಎಂದರು. "ಕುರ್ಚಿ ತರೋಕೆ ಒಳಗೆ ಹೋದೆ ನೋಡಿ, ಆವಾಗ್ಲೇ ಪರ್ಸು ತಗೊಂಡು ಹಿಟ್ಟಿನ ಡಬ್ಬಿ ಒಳಗೆ ಇಟ್ಟೆ. ನಿಮ್ಮ ಮುಖ ನೋಡಿದ್ರೆ ನಂಗೂ ಅನುಮಾನಾನೇ ಬಂತು. ಆದ್ರೆ ಅನುಮಾನ ಬಂದೋರಿಗೆಲ್ಲ ಏಟು ಹಾಕೋಕಾಗುತ್ತಾ? ಕೇಳಿ ನೋಡೋಣ ಅಂತ ಕೇಳಿದೆ. ಅಷ್ಟೇ."

ಏಣಿಯ ಮೇಲಿದ್ದ ನನ್ನಾಕೆ ಹೊಸ ಪರದೆಯಲ್ಲಿ ಮುಖ ಹುದುಗಿಸಿಕೊಂಡಳು. ಏಣಿ ನನ್ನ ಕೈಯಲ್ಲಿ ಗಡಗಡ ಅಲುಗಿತು. ನಂಬಿದವರು ಕಾಪಾಡುವುದು ದೊಡ್ಡದಲ್ಲ. ಈಕೆ ನಂಬದೆಯೂ ಕುರ್ಚಿ ಹಾಕಿ ಕಾಪಾಡಿದರಲ್ಲ ಎಂದು ಯೋಚಿಸುತ್ತ ನಿಂತೆ. ನನ್ನ ಋಣ ಕಡಿಮೆಯಾಗುವ ಬದಲು ಇನ್ನಷ್ಟು ಹೆಚ್ಚಿತು. ಭಾಷಣದ ಉಳಿದ ಭಾಗವನ್ನು ನುಂಗಿಕೊಂಡೆ.

ಆಮೇಲೆ ಚಹಾ ಬಂತು. ಸಿಸ್ಟರಮ್ಮ ನಮ್ಮಿಬ್ಬರಿಗೂ ಪ್ರೀತಿಯಿಂದಲೇ ಕೊಟ್ಟರು. ಬಿಸ್ಕತ್ತಿನ ಡಬ್ಬಿಯನ್ನು ಮಾತ್ರ ನನ್ನನ್ನು ದಾಟಿಸಿ, ನನ್ನಾಕೆಯ ಕೈಗೆ ಕೊಟ್ಟರು.